ಹಾಲುಕ್ಕಿಸಿದ ದಿನ

ಕೀನ್ಯಾದಿಂದ ಸೇಲಂನ ಕಾಲೇಜೊಂದಕ್ಕೆ ಪಾಠ ಹೇಳಲು ಬಂದ ಎಸ್ತರಳಿಗೆ ಕೊನೆಗೂ ಕನ್ನಡ ಮನೆಮಾತಿನ ನೇಕಾರರ ಬೀದಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಮನೆಯೊಡತಿ ರಾಜಾತಿ ಹೇಳಿಕೊಟ್ಟಂತೆ ಬೆಳಿಗ್ಗೆ ಹಾಲು ಉಕ್ಕಿಸಿ, ಲೋಟಗಳಿಗೆ ಹೊಯ್ದು, ಬಾಗಿಲು ತೆರೆದು ಕುಳಿತಳು. ಅವಳ ಊರಲ್ಲಿ ಹೊಸಬರ ಮನೆಗೆ ನೆರೆಯವರು ತಾವಾಗಿಯೇ ಬರುತ್ತಿದ್ದರು. ಇಲ್ಲಿ ಮಗ್ಗದ ಸದ್ದು ಮಾತ್ರ ಬಂತು.

ಸಂಜೆ ರಾಜಾತಿ ಬಂದಾಗ ಹಾಲು ಕೆನೆಗಟ್ಟಿತ್ತು.

"ಯಾರೂ ಬರಲಿಲ್ಲ ಅಕ್ಕಾ," ಎಂದಳು ಎಸ್ತರ್, ಬೆಂಗಳೂರಿನಲ್ಲಿ ಓದುವಾಗ ಕಲಿತ ಕನ್ನಡದಲ್ಲಿ.

"ಕರೀದೆ ಯಾರ್ ಬತ್ತಾರಮ್ಮಾ? ನೀನೇ ಮನೆಮನೆಗೋಗಿ ಕುಂಕುಮ ಕೊಟ್ಟು ಕರೀಬೇಕು. ಎದುರುಮನೆ ಭುವನಾ ಬೆಳಗಿಂದ ಕಾದು, ‘ಅವಳಿಗೆ ನಾವು ಬ್ಯಾಡವೇನೋ’ ಅಂದ್ಲು."

ಎಸ್ತರ್ ಲೋಟ ಎತ್ತಿಕೊಂಡು ಹೊಸ್ತಿಲಿಗೆ ಬಂದಳು.

"ಈಗ ಬ್ಯಾಡ. ದೀಪ ಅಚ್ಚಿದ್ ಮ್ಯಾಲೆ ಹಾಲು ಆಚೆ ಓಗಬಾರ್ದು."

ರಾಜಾತಿ ಒಂದು ಲೋಟ ಕುಡಿದು ಹೋದಳು. ಉಳಿದದ್ದನ್ನು ಎಸ್ತರ್ ಮರಳಿ ಪಾತ್ರೆಗೆ ಸುರಿದಳು. ಎದುರುಮನೆಯ ಬಾಗಿಲು ಮುಚ್ಚಿತ್ತು.