ಬಣ್ಣ ಕೂಗುವವ

“ನೋಡ್ರಿ ಮಾಲಕರ, ಮಗ್ಗದ ಮುಂದ ಕಲ್ಲು ಕುಂತದ! ಬೀದರ ಜೇಲಿನಾಗ ಐದು ವರ್ಷ ತಿಂದ ರೊಟ್ಟಿ ಇಷ್ಟ ಕೆಲಸಕ್ಕ ಬಂತು.”

ಮಡೆಪ್ಪ ಇದನ್ನು ಮೆಲ್ಲಗೆ ಹೇಳಲಿಲ್ಲ. ಭಾಲ್ಕಿಯ ಮುನೀರೋದ್ದೀನನ ಜಮಖಾನೆ ಕಾರಖಾನೆಯಲ್ಲಿ ಆಗ ನಾಲ್ವರು ನೇಕಾರರಿದ್ದರು, ಮಾಲು ನೋಡಲು ಬಂದ ಇಬ್ಬರು ವ್ಯಾಪಾರಿಗಳಿದ್ದರು. ಎಲ್ಲರೂ ನಕ್ಕರು. ಜೇಲಿನಿಂದ ಬಂದ ಹಾವಗೆಪ್ಪ ತಲೆ ಎತ್ತಲಿಲ್ಲ. ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಹಾಗೇ ಕೂತಿದ್ದ.

ಮಡೆಪ್ಪ ಅವನ ಹೆಂಡತಿಯ ತಮ್ಮ. ಬಾವಿಯ ನೀರಿನ ಪಾಳಿಗೆ ಜಗಳ ಬಿದ್ದು ಹಾವಗೆಪ್ಪ ಸಲಿಕೆಯಿಂದ ಒಬ್ಬನ ತಲೆ ಒಡೆದು ಜೇಲಿಗೆ ಹೋದ ವಾರವೇ ಮಡೆಪ್ಪ ಅಕ್ಕ ಈರಮ್ಮನನ್ನು ಔರಾದಿನ ತನ್ನ ಮನೆಗೆ ಕರೆದೊಯ್ದಿದ್ದ. ಭಾವನಿಗೆ ಕೆಲಸ ಸಿಕ್ಕರೆ ಅಕ್ಕನನ್ನು ಕಳಿಸುತ್ತೇನೆ ಎಂದು ಈಗ ಮಾತು ಕೊಟ್ಟಿದ್ದ. ಕಣ್ಣಾರೆ ನೋಡಲು ಬಂಡಿ ಕಟ್ಟಿಕೊಂಡು ಬಂದಿದ್ದ. ಮುನೀರೋದ್ದೀನನ ಮಾತೂ ಒಂದೇ: ಮಧ್ಯಾಹ್ನದೊಳಗೆ ಒಂದು ಗೇಣು ನೇಯಬೇಕು.

ಮುನೀರೋದ್ದೀನ ಜೇಲಿನ ದಾರೋಗಾ ಕೊಟ್ಟ ಕಾಗದವನ್ನು ಮತ್ತೆ ಬಿಡಿಸಿದ. ಕೆಳಗೆ ದುಂಡನೆಯ ಮೊಹರು.

“ಕೈದಿ ಸುಧಾರಿಸ್ಯಾನ, ನೇಯೂದು ಕಲ್ತಾನ, ಒಮ್ಮಿನೂ ಎದುರು ಮಾತಾಡಿಲ್ಲ ಅಂತ ಬರದಾರ. ಸುಳ್ಳೇನು?”

“ಸುಳ್ಳಲ್ಲರಿ.”

“ಮತ್ತ ಕೈ ಯಾಕ ಆಡವಲ್ವು?”

“ಯಾರೂ ಕೂಗವಲ್ರರಿ.”

ಜೇಲಿನಲ್ಲಿ ಹನ್ನೆರಡು ಮಗ್ಗ, ಒಂದೇ ಕೂಗು. ಮಕ್ಸೂದನೆಂಬ ಮುದಿ ಕೈದಿ ಹಿಂದೆ ಕೂತು ನಕ್ಷೆ ನೋಡಿ ಬಣ್ಣ ಕೂಗುತ್ತಿದ್ದ. “ಲಾಲ್ ಚಾರ್! ನೀಲಾ ದೋ!” ಕೆಂಪು ನಾಲ್ಕು ಎಳೆ, ನೀಲಿ ಎರಡು. ಆಮೇಲೆ ನೂಲು ಬಡಿಯುವ ಹನ್ನೆರಡು ಕಬ್ಬಿಣದ ಪಂಜಾಗಳು ಒಟ್ಟಿಗೆ ಬೀಳಬೇಕು. ಕೂಗಿಗಿಂತ ಮೊದಲು ಕೈ ಎತ್ತಿದವನಿಗೆ ಬೆತ್ತ, ಹಿಂದೆ ಬಿದ್ದವನಿಗೂ ಬೆತ್ತ. ಮೊದಲ ವರ್ಷ ಎಷ್ಟು ತಿಂದನೋ ಹಾವಗೆಪ್ಪನ ಬೆನ್ನಿಗೇ ಗೊತ್ತು. ಎರಡನೆಯ ವರ್ಷ ಒಂದೂ ಬೀಳಲಿಲ್ಲ. ಅದಕ್ಕೇ ಸರಕಾರ ಸುಧಾರಿಸುವುದು ಎಂದು ಹೆಸರಿಟ್ಟು ಮೊಹರು ಒತ್ತಿತು.

ಮಕ್ಸೂದ ಜೇಲಿನಲ್ಲೇ ಸತ್ತ. ಆದರೆ ಹಾವಗೆಪ್ಪನ ಜೊತೆ ಹೊರಗೆ ಬಂದವನು ಅವನೊಬ್ಬನೇ. ರೊಟ್ಟಿ ಮುರಿಯುವಾಗ, ಕೊಡ ಎತ್ತುವಾಗ ಕಿವಿಯ ಹಿಂದೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾನೆ. ಆಮೇಲೆ ಕೂಗುವುದೇ ಇಲ್ಲ. ಹಾವಗೆಪ್ಪ ತುತ್ತು ಹಿಡಿದು ಕಾಯುತ್ತಾನೆ. ಈ ಬೆಳಿಗ್ಗೆಯೂ ಮಗ್ಗದ ಹಿಂದೆ ಕೆಮ್ಮಿದ್ದ, ಕೂಗಿರಲಿಲ್ಲ.

“ಕೂಗಬೇಕೇನು?” ಮಡೆಪ್ಪ ರುಮಾಲು ಓರೆ ಮಾಡಿಕೊಂಡ. “ತಡೀರಿ ಮಾಲಕರ. ಭಾವನ್ನ ನೋಡಾಕ ಜೇಲಿಗಿ ಹೋದಾಗ ಗ್ವಾಡಿ ಆಚಿಂದ ಕೇಳೀನಿ ನಾ.” ಮಗ್ಗದ ಹಿಂದೆ ನಿಂತು ಮಂಗ ಕುಣಿಸುವವನ ಹಾಗೆ ಕೂಗಿದ: “ಲಾಲ್ ಚಾರ್! ನೀಲಾ ದೋ!”

ಹಾವಗೆಪ್ಪನ ಕೈಗಳು ಹಾರಿದವು. ಕೆಂಪು ನಾಲ್ಕು, ನೀಲಿ ಎರಡು. ಪಂಜಾ ಬಿತ್ತು.

ವ್ಯಾಪಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಡೆಪ್ಪ ಮತ್ತೆ ಕೂಗಿದ, ಮತ್ತೆ, ಇನ್ನೂ ಜೋರಾಗಿ. ಕೈಗಳು ಎಲ್ಲೂ ತಪ್ಪಲಿಲ್ಲ. ನಗು ತೆಳುವಾಯಿತು. ನೇಕಾರರು ತಮ್ಮ ಪಂಜಾ ಕೆಳಗಿಟ್ಟು ಈ ಕಡೆ ತಿರುಗಿದರು. ಒಂದು ಗೇಣಾಗುವ ಹೊತ್ತಿಗೆ ಮಡೆಪ್ಪನ ಗಂಟಲು ಒಡೆದು “ಲಾಲ್” ಎಂಬಲ್ಲೇ ನಿಂತಿತು.

ಹಾವಗೆಪ್ಪನ ಕೈಯೂ ನಿಂತಿತು, ಗಾಳಿಯಲ್ಲಿ, ಬೆರಳ ನಡುವೆ ಕೆಂಪು ನೂಲು ಹಿಡಿದು. ಹಾಗೇ ಇತ್ತು.

“ಭಾವ,” ಮಡೆಪ್ಪ ಮಗ್ಗದ ಮುಂದೆ ಬಂದ. “ಸಾಕು ಭಾವ. ಕೈ ಇಳಸು.”

ಕೈ ಇಳಿಯಿತು.

ಮುನೀರೋದ್ದೀನ ಬಗ್ಗಿ ಅಂಚಿನ ಮೇಲೆ ಹೆಬ್ಬೆರಳಾಡಿಸಿದ. “ನಮ್ಮ ಕಾರಖಾನಿಯಾಗ ಇಂಥ ಅಂಚು ಯಾರದೂ ಇಲ್ಲ. ಕೂಗಾಕ ಒಬ್ಬನ್ನ ಇಡ್ತೇನಿ. ನಾಳಿಂದ ಬರ್ತಿ ಇಲ್ಲೊ?”

“ಹೂಂ ಅನ್ನು ಭಾವ,” ಎಂದ ಮಡೆಪ್ಪ. ದನಿ ತಗ್ಗಿತ್ತು. “ನಾಳಿಗೇ ಅಕ್ಕನ್ನ ಕರಕೊಂಡು ಬರ್ತೇನಿ.”

ಹಾವಗೆಪ್ಪ ಎದ್ದ. ಮುನೀರೋದ್ದೀನ ಚಾಚಿದ ಮೊಹರಿನ ಕಾಗದವನ್ನು ತೆಗೆದುಕೊಳ್ಳಲಿಲ್ಲ. ಇನ್ನೂ ಬೆರಳಲ್ಲಿದ್ದ ಕೆಂಪು ನೂಲನ್ನು ಮಗ್ಗದ ಮೇಲಿಟ್ಟು ಬಾಗಿಲು ದಾಟಿದ.

“ಭಾವ! ಏನರೆ ಅನ್ನೋ!”

ಮಧ್ಯಾಹ್ನದ ಬಜಾರಿನ ದಾರಿ ಖಾಲಿಯಿತ್ತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಜೇಲಿನ ಸಾಲಿನಲ್ಲಿ ಮುಂದಿನವನ ಬೆನ್ನಿಗೆ ಬಿಡುವ ಒಂದು ತೋಳಿನ ಅಂತರ ಬಿಟ್ಟು, ನಡೆಯುತ್ತಾ ಹೋದ.