ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಥೂ, ಬಾಯೊಳಗೇ ಬಿತ್ತು ತುಕ್ಕು, ಉಪ್ಪುಪ್ಪಾಗಿದೆ, ಇಪ್ಪತ್ತೇಳು ವರ್ಷದ ಗಾಡಿಯ ರುಚಿ ಇದೇನಾ, ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ನನಗೆ ಮಾತ್ರ ಕೈಗೆ ಗ್ರೀಸು ಬಾಯಿಗೆ ತುಕ್ಕು, ಉಗಿಯೋಣ ಅಂದ್ರೆ ತಲೆ ತಿರುಗಿಸೋಕೆ ಜಾಗ ಇಲ್ಲ, ತಲೆ ಸ್ಟೀರಿಂಗಿನ ಕೆಳಗೆ, ಸೊಂಟ ಬಾಗಿಲಂಚಿನ ಮೇಲೆ, ಕಾಲು ಅಂಗಳದಲ್ಲಿ, ಅರವತ್ತೊಂದನೇ ವಯಸ್ಸಿಗೆ ಈ ಭಂಗಿ ಬೇರೆ — ಬೀದಿಯಲ್ಲಿ ಹೋಗೋರು ನೋಡಿದ್ರೆ ಗಾಡಿ ಹೆಂಗಸನ್ನ ಅರ್ಧ ನುಂಗಿ ಸುಸ್ತಾಗಿ ನಿಂತಿದೆ ಅಂದ್ಕೋತಾರೆ, ಅಂದ್ಕೊಳ್ಳಲಿ, ನನಗೆ ಬೇಕಾಗಿರೋದು ಈ ಪೆಡಲ್ಲು, ಬ್ರೇಕಿನ ಪಕ್ಕದ ಈ ಕ್ಲಚ್ಚಿನ ಪೆಡಲ್ಲು, ಇದನ್ನ ಕಾಲಿಲ್ಲದೆ ಕೈಯಿಂದ ಒತ್ತೋ ಹಾಗೆ ಮಾಡಬೇಕು, ನಾಲ್ಕು ಗಂಟೆಯೊಳಗೆ ಮಾಡಬೇಕು, ನಾಲ್ಕಕ್ಕೆ ಗುಜರಿಯವನು ಬರ್ತಾನೆ. ಕರೆದಿರೋದು ಬೇರೆ ಯಾರೂ ಅಲ್ಲ, ಇವರೇ, ನಮ್ಮ ಯಜಮಾನ್ರು, ಒಳಗೆ ರೇಡಿಯೋ ಜೋರಾಗಿ ಹಾಕ್ಕೊಂಡು ಕೂತಿದ್ದಾರೆ, ನನ್ನ ಸ್ಪ್ಯಾನರಿನ ಸದ್ದು ಕಿವಿಗೆ ಬೀಳಬಾರದು ಅಂತ, ಬೆಳಗ್ಗೆ ಕಾಫಿ ಕುಡೀತಾ ಮುಖ ನೋಡದೇ ಅಂದ್ರು — ಅವನು ಬರೋದ್ರೊಳಗೆ ಗೇರು ಬಿದ್ರೆ ಗಾಡಿ ಇರಲಿ, ಬೀಳದಿದ್ರೆ ನೀನು ಅಡ್ಡ ಬರಬಾರದು, ಆಯ್ತಾ. ಆಯ್ತು ಅಂದೆ. ಈಗ ಗಂಟೆ ಎರಡೂ ಹತ್ತು.

ಇವರಿಗೆ ಸೊಂಟದ ನರ ಒತ್ತಿ ಆಪರೇಷನ್ ಆಗಿ ಎಂಟು ತಿಂಗಳು, ನೋವು ಹೋಯ್ತು, ನೋವಿನ ಜೊತೆ ಎಡಗಾಲಿನ ಜೀವಾನೂ ಹೋಯ್ತು, ಮಂಡಿಯಿಂದ ಕೆಳಗೆ ಏನೂ ಗೊತ್ತಾಗಲ್ಲ, ಚಿವುಟಿದ್ರೂ ಗೊತ್ತಾಗಲ್ಲ, ನಾನು ಚಿವುಟಿದ್ದೀನಿ, ನಿದ್ದೆಯಲ್ಲಿದ್ದಾಗ, ಜೋರಾಗೇ — ಪಾಪಿ ನಾನು. ಆದ್ರೂ ಮೂರನೇ ತಿಂಗಳು ಕೋಲು ಊರಿಕೊಂಡು ಬಂದು ಗಾಡಿ ಹತ್ತಿದ್ರು, ತೊಡೆಯ ಬಲದಲ್ಲಿ ಕ್ಲಚ್ ಒತ್ತಿದ್ರು, ಕಾಲು ಪೆಡಲ್ ಮೇಲಿದೆಯೋ ಜಾರಿದೆಯೋ ತಿಳೀಲಿಲ್ಲ, ಜಾರಿತ್ತು, ಗಾಡಿ ಕಪ್ಪೆ ಹಾಗೆ ಹಾರಿ ಗೇಟಿನ ಕಂಬಕ್ಕೆ ಗುದ್ದಿತು, ಮುಂದಿನ ದೀಪ ಒಡೀತು, ಯಾರಿಗೂ ಏನೂ ಆಗಲಿಲ್ಲ, ಮೂವತ್ತಾರು ವರ್ಷ ಬಾಡಿಗೆ ಗಾಡಿ ಓಡಿಸಿದ ಮನುಷ್ಯ, ಒಂದು ನಾಯಿ ಬಾಲಕ್ಕೂ ಚಕ್ರ ತಾಗಿಸದ ಮನುಷ್ಯ, ಸ್ವಂತ ಗೇಟಿಗೆ ಗುದ್ದಿ ಕೂತರು. ಇಳಿದು ಒಳಗೆ ಹೋದವರು ಆಮೇಲೆ ಅಂಗಳಕ್ಕೂ ಬರಲಿಲ್ಲ, ಕಿಟಕಿ ಬಾಗಿಲು ಹಾಕು, ಅದರ ಮುಖ ನೋಡಿದ್ರೆ ಹೊಟ್ಟೆ ಉರಿಯುತ್ತೆ ಅಂದ್ರು, ಗಾಡಿ ಮುಖ ನೋಡಕ್ಕಾಗಲ್ವಂತೆ, ನನ್ನ ಮುಖ ನೋಡೋದೂ ಕಮ್ಮಿ ಮಾಡಿದ್ರು, ಊಟ, ರೇಡಿಯೋ, ಗೋಡೆ. ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ ಅಂತ ಗಾದೆ, ನಾನು ದರ್ಜಿ, ನನಗೆ ಎರಡೂ ಚಿಂತೆ. ಹೊಲಿಗೆ ಮಿಷನ್ ಮುಂದೆ ಕೂತು ಮೆಟ್ಟು ತುಳೀತಾ ಇದ್ದಾಗ ಹೊಳೀತು, ಕೈಯಿಂದ ಚಕ್ರ ತಿರುಗಿಸಿದ್ರೂ ಸೂಜಿ ಇಳಿಯುತ್ತಲ್ಲ, ಕಾಲೇ ಬೇಕು ಅಂತ ಎಲ್ಲಿದೆ, ಓಡಿದೆ ಮೂಲೆ ಗ್ಯಾರೇಜಿಗೆ, ಆ ಆಸಾಮಿಗೆ ಬೀದಿಯೋರೆಲ್ಲ ಇಟ್ಟಿರೋ ಹೆಸರು ಆಗಲ್ಲಮ್ಮ, ಯಾಕೆಂದ್ರೆ ಏನು ಕೇಳಿದ್ರೂ ಮೊದಲು ಅದನ್ನೇ ಅನ್ನೋದು, ಆಗಲ್ಲಮ್ಮ ಅಂದ, ನಾನು ಅವನ ಸ್ಟೂಲ್ ಎಳ್ಕೊಂಡು ಕೂತೆ, ಆಗಲ್ಲಮ್ಮ, ಕ್ಲಚ್ಚಿನ ಸ್ಪ್ರಿಂಗು ಎಷ್ಟು ಬಿಗಿ ಗೊತ್ತಾ ನಿಮಗೆ, ಗೊತ್ತಿಲ್ಲಪ್ಪ, ತೋರಿಸು ಅಂದೆ, ತೋರಿಸ್ತಾ ತೋರಿಸ್ತಾ ಅವನೇ ಹೇಳ್ಬಿಟ್ಟ — ಉದ್ದ ಹಿಡಿಕೆ ಇದ್ರೆ ಭಾರ ಗೊತ್ತಾಗಲ್ಲ, ಗೇರಿನ ಪಕ್ಕ ನಿಲ್ಲಿಸಿ, ಅಲ್ಲಿಂದ ಗಟ್ಟಿ ಕೇಬಲ್ಲು, ಪೆಡಲ್ ಮುಂದೆ ನೆಲಕ್ಕೆ ಒಂದು ಪ್ಲೇಟು, ಹಿಡಿಕೆ ಎಳೆದ್ರೆ ಪೆಡಲ್ ಕೆಳಗೆ. ಆಗುತ್ತಲ್ಲಪ್ಪ ಹಾಗಾದ್ರೆ. ತಲೆ ಕೆರ್ಕೊಂಡ. ಒಳ್ಳೇದಾಗಲಿ ಅವನಿಗೆ, ಅವತ್ತಿಂದ ಡ್ರಿಲ್ ಕೇಳಿದ್ರೆ ಡ್ರಿಲ್, ಅರ ಕೇಳಿದ್ರೆ ಅರ, ಕೊಡುವಾಗ ಮಾತ್ರ ಆಗಲ್ಲಮ್ಮ ಅಂತಲೇ ಕೊಡ್ತಾನೆ, ಬೀದಿಗೆ ತರೋ ಮುಂಚೆ ನಾನೊಂದ್ಸಲ ನೋಡ್ತೀನಿ, ಪರೀಕ್ಷೆ ಮಾಡೋ ಆಫೀಸಿನವರೂ ನೋಡಿ ಒಪ್ಪಬೇಕು, ಅಲ್ಲಿವರೆಗೂ ಗೇಟು ದಾಟಿಸಬೇಡಿ ಅಂತ ಆಣೆ ಬೇರೆ ಹಾಕಿಸ್ಕೊಂಡಿದ್ದಾನೆ.

ಆದ್ರೆ ಪ್ಲೇಟು, ಈ ಹಾಳು ಪ್ಲೇಟು, ತಪ್ಪು ನನ್ನದೇ, ನಗಬೇಕೋ ಅಳಬೇಕೋ, ರಟ್ಟಿನಲ್ಲಿ ಮಾದರಿ ಕತ್ತರಿಸಿ ಕೊಟ್ಟೆ, ಟೇಪ್ ಹಿಡಿದು ಜಾಗ ಅಳೆದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿದೆ, ನಲವತ್ತು ವರ್ಷದ ಕೈ ತಾನಾಗೇ ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಟ್ಟುಬಿಟ್ಟಿದೆ! ಕಬ್ಬಿಣಕ್ಕೆ! ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಇದಕ್ಕೇ ಅನ್ನೋದು, ಒಳಗೆ ಚುಕ್ಕೆ ಚುಕ್ಕೆ ಗೆರೆ ಎಳೆದಿದ್ದೆ, ಅದು ನಿಜವಾದ ಅಳತೆ, ದರ್ಜಿಗಾದ್ರೆ ಗೊತ್ತಾಗೋದು, ಆಗಲ್ಲಮ್ಮನಿಗೆ ಏನು ಗೊತ್ತು, ಅಂಚು ನೋಡಿ ಅಂಚಿಗೆ ಕತ್ತರಿಸಿದ, ಚುಕ್ಕೆ ಗೆರೆ ಯಾಕಪ್ಪ ನೋಡಲಿಲ್ಲ ಅಂದ್ರೆ, ಅಲಂಕಾರ ಅಂದ್ಕೊಂಡೆ ಅಂತಾನೆ. ಬ್ರೇಕಿಗೆ ತಾಗ್ತಾ ಇತ್ತು, ಬ್ರೇಕಿನ ಕಡೆ ಅಂಚನ್ನ ಎರಡು ದಿನ ಅರದಲ್ಲಿ ಉಜ್ಜಿದ್ದೀನಿ, ಬೆರಳು ನೋಡಿದ್ರೆ ನಂದೇ ಅನ್ನಿಸಲ್ಲ, ಕೆಳಗಡೆ ಅಂಚು ಉಜ್ಜೋಕೆ ಶಕ್ತಿ ಇರಲಿಲ್ಲ, ಬಿಟ್ಟೆ, ಯಾರಿಗೂ ತಾಗಲ್ಲ ಅದು. ಈಗ ಕೇಬಲ್, ಪ್ಲೇಟಿನ ತೂತಿನೊಳಗೆ ಹೋಗು ಮಾರಾಯ, ಹೋಗು, ತುದಿ ಎಳೆ ಬಿಚ್ಚಿಕೊಂಡಿದೆ, ದಾರ ಆಗಿದ್ರೆ ಎಂಜಲು ಹಚ್ಚಿ ಹೊಸೀತಿದ್ದೆ, ಉಕ್ಕಿನ ತಂತಿಗೆ ಯಾವ ಎಂಜಲು ಹಚ್ಚೋದು — ದಾರ ಪೋಣಿಸೋ ಕೆಲಸ ಇವರದ್ದಾಗಿತ್ತು, ಕಣ್ಣಿಗೆ ಪೊರೆ ಬಂದು ನನಗೆ ಸೂಜಿಕಣ್ಣು ಕಾಣದೇ ಹೋದ ಆ ವರ್ಷ, ಅಂಗಡಿ ಮುಚ್ಚಿಬಿಡ್ತೀನಿ ಅಂತ ಅತ್ತಿದ್ದೆ, ಇವರು ಮಾರನೇ ದಿನದಿಂದ ಬೆಳಗ್ಗೆ ಡ್ಯೂಟಿಗೆ ಹೋಗೋ ಮುಂಚೆ ಕಿಟಕಿ ಹತ್ರ ಕೂತು ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ಬಿಳಿ ಒಂದು ಸಾಲು, ಕಪ್ಪು ಒಂದು ಸಾಲು, ನೀಲಿ ಒಂದು ಸಾಲು, ಮೆತ್ತೆಗೆ ಚುಚ್ಚಿಟ್ಟು ಹೋಗ್ತಿದ್ರು, ದೊಡ್ಡ ದೊಡ್ಡ ಬೆರಳು, ಸ್ಟೀರಿಂಗ್ ಹಿಡಿದು ಒರಟಾದ ಬೆರಳು, ಒಂದು ದಿನಾನೂ ತಪ್ಪಿಸಲಿಲ್ಲ, ಜ್ವರ ಬಂದ ದಿನಾನೂ, ಜಗಳ ಆಡಿದ ದಿನಾನೂ, ಜಗಳದ ದಿನ ಇಪ್ಪತ್ತೊಂದಿರ್ತಿತ್ತು. ಯಾರಿಗೂ ಹೇಳ್ಕೊಳ್ಳಲಿಲ್ಲ, ಹೆಂಡತಿಗೆ ಸೂಜಿ ಪೋಣಿಸಿ ಕೊಡ್ತೀನಿ ಅಂತ ಸ್ಟ್ಯಾಂಡಿನಲ್ಲಿ ಹೇಳಿದ್ರೆ ಬಿಡ್ತಿದ್ರಾ ಅವರನ್ನ. ನಾನೂ ಥ್ಯಾಂಕ್ಸು ಗೀಂಕ್ಸು ಅನ್ನಲಿಲ್ಲ, ಗಂಡನಿಗೆ ಯಾರಾದ್ರೂ ಅಂತಾರಾ, ಅನ್ನಬೇಕಿತ್ತು, ದಿನಾ ಅನ್ನಬೇಕಿತ್ತು, ಇಪ್ಪತ್ತು ಸಲ. ಹೋಯ್ತು ನೋಡು ಕೇಬಲ್ಲು, ಹೋಯ್ತು.

ಬನ್ನಿ ಅಂದೆ, ಬರಲಿಲ್ಲ, ರೇಡಿಯೋ ಆರಿಸಿದೆ, ಬಂದ್ರು, ಕೋಲಿನ ಟಕ್ ಟಕ್, ಮುಖ ದುಮ್ಮಂತ, ಐದು ತಿಂಗಳ ಮೇಲೆ ಆ ಸೀಟಿನಲ್ಲಿ ಕೂತರು, ಎಡಗಾಲನ್ನ ಎರಡು ಕೈಯಲ್ಲಿ ಎತ್ತಿ ಒಳಗಿಟ್ಟರು, ಚಪ್ಪಲಿ ಹೊರಗೇ ಉಳೀತು, ಇದೇನೇ ಇದು, ಬಾವಿ ರಾಟೆ ಹಿಡಿಕೆನಾ, ಹೌದು ರೀ, ಎಳೀರಿ, ನೀರು ಬರುತ್ತೆ. ನಗಲಿಲ್ಲ. ಇಂಜಿನ್ ಶುರುಮಾಡಿದ್ರು, ನಾನು ದೂರ ನಿಂತೆ, ಎಳೆದ್ರು, ಗೇರಿಗೆ ಕೈ ಹಾಕಿದ್ರು — ಕರ್ರ್ರ್ — ಅಯ್ಯೋ, ನನ್ನ ಹಲ್ಲೇ ಕಿತ್ತ ಹಾಗಾಯ್ತು, ಮತ್ತೆ ಎಳೆದ್ರು, ಕರ್ರ್ರ್, ಪೂರ್ತಿ ಒತ್ತಲ್ಲ ಕಣೇ ಇದು, ಅರ್ಧಕ್ಕೇ ನಿಲ್ಲುತ್ತೆ, ಆರಿಸಿದ್ರು, ಎರಡು ಕೈ ಮಡಿಲಲ್ಲಿಟ್ಕೊಂಡ್ರು, ಬಿಡು ಅಂದ್ರು, ಸಿಟ್ಟಿನಿಂದ ಅಂದಿದ್ರೆ ತಡ್ಕೋತಿದ್ದೆ, ಮೆತ್ತಗೆ ಅಂದ್ರು — ಬಿಡು, ಸಾಕು, ನೀನು ಮಾಡಿದ್ದೇ ದೊಡ್ಡದು. ಗಂಟೆ ಮೂರೂ ಕಾಲು. ಬಗ್ಗಿ ನೋಡಿದೆ, ಕೇಬಲ್ಲಿನ ತೂತು ಎತ್ತರ ಆಗಿದೆ, ಇನ್ನು ಅರ್ಧ ಇಂಚು ಕೆಳಗಿದ್ರೆ ಪೆಡಲ್ ನೆಲ ಮುಟ್ಟುತ್ತೆ, ಅರ್ಧವೇ ಇಂಚು, ಆದ್ರೆ ಕೆಳಗೆ ಜಾಗ ಎಲ್ಲಿದೆ, ನಾನು ಅಳೆದ ಪ್ಲೇಟು ಅಲ್ಲಿಗೆ ಮುಗಿಯುತ್ತೆ — ಮುಗಿಯುತ್ತಾ? ಮುಗಿಯಲ್ಲ! ಉಜ್ಜದೇ ಬಿಟ್ಟ ಅಂಚು! ಹೊಲಿಗೆಗೆ ಬಿಟ್ಟ ಅರ್ಧ ಇಂಚು ಅಲ್ಲೇ ಇದೆ, ಹಾಗೇ ಇದೆ, ಅಯ್ಯೋ ನನ್ನ ಬಂಗಾರವೇ, ಸ್ಕೂಲಿನ ಮಕ್ಕಳ ಯೂನಿಫಾರ್ಮಿಗೆ ಒಳಗೆ ಬಟ್ಟೆ ಮಡಿಸಿ ಬಿಡ್ತಿದ್ದೆ, ಬೆಳೆಯೋ ಮಕ್ಕಳು, ಮುಂದಿನ ವರ್ಷ ಬಿಚ್ಚಿ ಇಳಿಸಿದ್ರಾಯ್ತು ಅಂತ, ಇವರಿಗೆ ಕೂಗಿ ಹೇಳಿದೆ, ರೀ, ಇಳಿಸಬಹುದು ರೀ, ಒಳಗೆ ಬಟ್ಟೆ ಬಿಟ್ಟಿದ್ದೀನಿ! ಬಟ್ಟೆನಾ, ತಲೆ ಕೆಟ್ಟಿದೆಯಾ ನಿನಗೆ, ಕೆಟ್ಟಿದೆ, ಕೆಟ್ಟಿದೆ, ಈಚೆ ಬನ್ನಿ ಸ್ವಲ್ಪ, ಡ್ರಿಲ್ ಹಿಡಿದೆ, ಕಬ್ಬಿಣದ ಸುರುಳಿ ಬಿಸಿಬಿಸಿ ಮುಂಗೈ ಮೇಲೆ ಬಿತ್ತು, ಬೀಳಲಿ, ಇವರು ಕೋಲು ಊರಿ ಹಿಂದೆ ನಿಂತು ಟಾರ್ಚ್ ಹಿಡಿದ್ರು, ಅರೆ, ನಾನು ಕೇಳಿರಲಿಲ್ಲ, ತಾವಾಗೇ ಹಿಡಿದ್ರು, ಸ್ವಲ್ಪ ಎಡಕ್ಕೆ ಕಣೇ, ನೇರ ಹಿಡಿ, ಅವಸರ ಮಾಡಬೇಡ. ಎಷ್ಟು ದಿನ ಆಗಿತ್ತು ಈ ಮನುಷ್ಯ ನನ್ನನ್ನ ಬೈದು. ಕಣ್ಣಲ್ಲಿ ನೀರು ಬಂತು, ಕಬ್ಬಿಣದ ಪುಡಿ ಅಂದೆ. ಕೇಬಲ್ ಹೊಸ ತೂತಿಗೆ ಪೋಣಿಸೋಕೆ ಹೋಗಿ ಎರಡು ಸಲ ತಪ್ಪಿದೆ, ಇತ್ತ ಕೊಡು ಅಂದ್ರು, ಬಾಗಿಲಿಗೆ ಒರಗಿ ಬಗ್ಗಿ ಒಂದೇ ಸಲಕ್ಕೆ ಪೋಣಿಸಿದ್ರು. ನಾನು ನಟ್ಟು ಬಿಗಿ ಮಾಡಿದೆ.

ಟಕ್. ಬಿತ್ತು. ಕರ್ರ್ ಅನ್ನೋ ಸದ್ದೇ ಇಲ್ಲದ ಹಾಗೆ ಬಿತ್ತು ಗೇರು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ, ಗಾಡಿ ಎರಡಡಿ ಮುಂದೆ ಹೋಯ್ತು, ಎರಡಡಿ ಹಿಂದೆ ಬಂತು, ಮತ್ತೆ ಮುಂದೆ, ಮತ್ತೆ ಹಿಂದೆ, ಸಾಕು ರೀ ಅಂದ್ರೂ ಕೇಳಲ್ಲ, ತುಟಿ ಬಿಗಿ ಹಿಡಿದಿದ್ದಾರೆ, ಗಲ್ಲ ಅದುರ್ತಾ ಇದೆ, ನಾನು ಗೋಡೆ ಕಡೆ ತಿರುಗಿ ನಿಂತೆ, ಗಂಡಸರು ಅಳೋವಾಗ ನೋಡಬಾರದು, ಆಮೇಲೆ ನಮ್ಮ ಮೇಲೇ ರೇಗ್ತಾರೆ. ಅಷ್ಟರಲ್ಲಿ ಗುಜರಿಯವನು, ಹೇಳಿದ ಹೊತ್ತಿಗೆ ಸರಿಯಾಗಿ, ಗೇಟು ಬಡಿದ, ಸಾರ್ ಇದೇನಾ ಗಾಡಿ ಅಂದ, ಇವರು ಕಿಟಕಿಯಿಂದ ತಲೆ ಹಾಕಿ — ಯಾವ ಗಾಡಿನಪ್ಪ, ಇಲ್ಲಿ ಗುಜರಿ ಯಾವುದೂ ಇಲ್ಲ, ಇದು ಓಡೋ ಗಾಡಿ, ಕಾಣ್ತಿಲ್ವಾ! ನೀವೇ ಫೋನ್ ಮಾಡಿದ್ರಲ್ಲ ಸಾರ್, ಮಾಡಿದ್ದೆ, ಹೌದು, ತಪ್ಪಾಯ್ತು, ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿದು ಹೋಗು. ಕುಡಿದು ಹೋದ, ಪುಣ್ಯಾತ್ಮ, ಅವನಿಗೂ ಒಳ್ಳೇದಾಗಲಿ, ಎಲ್ಲರಿಗೂ ಒಳ್ಳೇದಾಗಲಿ ಅನ್ನಿಸ್ತಿದೆ ಇವತ್ತು, ಆಗಲ್ಲಮ್ಮನ ಗ್ಯಾರೇಜಿಗೆ, ನನ್ನ ತಪ್ಪಿಗೆ, ಈ ಗಾಡಿಯ ತುಕ್ಕಿಗೆ. ಇಂಜಿನ್ ಆರಿಸಿ, ನಟ್ಟು ಸಡಿಲ ಆಯ್ತಾ ನೋಡ್ತೀನಿ ಅಂದೆ, ತೆರೆದ ಬಾಗಿಲ ಹತ್ರ ಮಂಡಿಯೂರಿ ಕೆನ್ನೆ ಅಂಚಿಗಿಟ್ಟು ಟಾರ್ಚ್ ಬಿಟ್ಟೆ, ಎಳೀರಿ, ಪೆಡಲ್ ಕೆಳಗೆ ಹೋಯ್ತು, ನಟ್ಟು ಗಟ್ಟಿಯಾಗಿದೆ, ಬಿಡಿ, ಪೆಡಲ್ ಮೇಲೆ ಬಂತು, ಅದರ ಪಕ್ಕ ಮ್ಯಾಟಿನ ಮೇಲೆ ಸುಮ್ಮನೆ ಮಲಗಿದ್ದ ಬರಿಗಾಲು, ಎಡಗಾಲು, ಹೆಬ್ಬೆರಳು — ಏನದು. ಟಾರ್ಚ್ ಅಲುಗಿತಾ. ಇನ್ನೊಂದ್ಸಲ ಎಳೀರಿ, ಬಿಡಿ, ಪೆಡಲ್ ಮೇಲೆ ಬಂತು, ಹೆಬ್ಬೆರಳು ಮೇಲೆ ಬಂತು, ಅಕ್ಕಿ ಕಾಳಿನಷ್ಟು, ಪೆಡಲ್ ಜೊತೆಗೇ, ಮೂವತ್ತಾರು ವರ್ಷ ಕ್ಲಚ್ ಬಿಟ್ಟ ಕಾಲು, ಹಿಡಿಕೆ ಬಿಟ್ಟಿದ್ದು ಕೈಯಾದ್ರೂ ತಾನೇ ಬಿಟ್ಟೆ ಅಂದ್ಕೊಂಡಿದೆ. ಹೆಬ್ಬೆರಳು ತಾನಾಗಿ ಎದ್ದ ದಿನ ಫೋನ್ ಮಾಡಿ, ನರ ಎಚ್ಚರ ಆಯ್ತು ಅಂತ ಅರ್ಥ ಅಂದಿದ್ರು ಡಾಕ್ಟರು, ಇವರಿಗೆ ಹೇಳಲಾ, ಬೇಡ, ಹಿಂದೆ ಎರಡು ಸಲ ಅಲುಗಿತು ಅಲುಗಿತು ಅಂತ ಕೂಗಿ ಆಸೆ ಹುಟ್ಟಿಸಿ ಕೊಂದಿದ್ದೀನಿ, ಬಾಯಿ ಮುಚ್ಕೋ, ಖಾತ್ರಿ ಮಾಡ್ಕೋ, ಇನ್ನೊಂದ್ಸಲ ರೀ, ಎಷ್ಟು ಸಲನೇ, ಗಟ್ಟಿಯಾಗಿದೆ ಅಂದ್ಯಲ್ಲ, ಈಚೆ ಬಾ, ಬಿಸಿಲು, ಇನ್ನೊಂದೇ ಸಲ, ಎಳೀರಿ, ಬಿಡಿ, ಎದ್ದಿತು, ಎಳೀರಿ, ಬಿಡಿ, ಎದ್ದಿತು, ಅಳ್ತಾ ಇದ್ದೀಯಾ ಏನೇ, ಇಲ್ಲ, ಬಿಡಿ, ಮೆಲ್ಲಗೆ ಬಿಡಿ, ಹೆಬ್ಬೆರಳು, ಎದ್ದಿತು, ಹೆಬ್ಬೆರಳು —