ಬಾರದ ಸೊನ್ನೆ

"ಅತ್ತಿಗೆ, ನಿಮ್ಮ ಪುಟ ಈಗ ಕುದುರೆ ಥರ ಓಡ್ತಿದೆ! ಮೊದ್ಲು ಅದು ತೆರೆಯೋಷ್ಟರಲ್ಲಿ ನಂದೊಂದು ನಿದ್ದೆ ಆಗ್ತಿತ್ತು," ಎಂದು ನಾದಿನಿ ಬೆಳಿಗ್ಗೆ ಫೋನಿನಲ್ಲಿ ನಕ್ಕಿದ್ದಳು.

ಅವಳು ಹಸುಗೂಸುಗಳ ವಾರ್ಡಿನಲ್ಲಿ ನರ್ಸ್. ಯಾವ ಮಗುವಿನ ಡ್ರಿಪ್ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಅವಳ ಮೇಜಿನ ಪರದೆಯಲ್ಲಿ ತೋರಿಸುವ ಪುಟ, ನಾನು ಮನೆಯಲ್ಲಿ ಕುಳಿತು ಬರೆದದ್ದು. ಅಲ್ಲಿಯ ಪಂಪುಗಳು ಹಳೆಯವು, ನಿಂತರೂ ಕೂಗುವುದಿಲ್ಲ. ಆ ಪರದೆಯನ್ನೇ ನೋಡುತ್ತಿರಬೇಕು.

ಸರ್ವರ್ ಪ್ರತಿ ಸಲವೂ ಎಲ್ಲ ಹಾಸಿಗೆಗಳ ಎಲ್ಲ ವಿವರವನ್ನೂ ಹೆಸರು ಸಮೇತ ಕಳಿಸುತ್ತಿತ್ತು. ಅದಕ್ಕೇ ಆ ನಿಧಾನ. ನಿನ್ನೆ ನಾನು ಆ ಮೂಟೆಯನ್ನು ಹಗುರ ಮಾಡಿದ್ದೆ. ಪ್ರತಿ ಸಲ ಮತ್ತೆ ಮತ್ತೆ ಬರುತ್ತಿದ್ದ ಹೆಸರುಗಳನ್ನು ತೆಗೆದೆ, ಖಾಲಿ ಜಾಗಗಳನ್ನು ತೆಗೆದೆ. ಬದಲಾದದ್ದು ಮಾತ್ರ ಬರಲಿ, ಬಾರದಿದ್ದರೆ ಹಳೆಯದೇ ಇರಲಿ ಎಂದು ಪುಟಕ್ಕೆ ಹೇಳಿಕೊಟ್ಟೆ.

ಬಟ್ಟೆ ಮಡಚುತ್ತಾ ಮಗಳಿಗೆ ಕೂಗಿ ಹೇಳಿದೆ, "ಪುಟ್ಟಿ, ಡಬ್ಬಿಯಲ್ಲಿ ಬೇಳೆ ಎಷ್ಟಿದೆ ನೋಡು."

ಉತ್ತರ ಬರಲಿಲ್ಲ. ಮೊನ್ನೆ ಅರ್ಧ ಇತ್ತಲ್ಲ, ಸಾಕು ಎಂದುಕೊಂಡೆ. ಒಲೆಯ ಮೇಲೆ ನೀರಿಟ್ಟು ಡಬ್ಬಿ ತೆರೆದರೆ ತಳ ಕಾಣುತ್ತಿತ್ತು.

"ಯಾಕೆ ಹೇಳ್ಲಿಲ್ಲ?"

"ಏನೂ ಇರ್ಲಿಲ್ವಲ್ಲಮ್ಮ, ಏನಂತ ಹೇಳ್ಲಿ?"

ನಕ್ಕೆ. ಆಮೇಲೆ ನಿನ್ನೆ ಬರೆದದ್ದು ನೆನಪಾಯಿತು. ಖಾಲಿ ಜಾಗದ ಜೊತೆ ಸೊನ್ನೆಯನ್ನೂ ನನ್ನ ಸರ್ವರ್ ಬಿಟ್ಟುಬಿಡುತ್ತದೆ. ಡ್ರಿಪ್ ನಿಂತರೆ ವೇಗ ಸೊನ್ನೆ. ಆ ಸೊನ್ನೆ ಹೋಗುವುದಿಲ್ಲ. ಏನೂ ಬರಲಿಲ್ಲವಲ್ಲ ಎಂದು ಪುಟ ಹಳೆಯ ವೇಗವನ್ನೇ ತೋರಿಸುತ್ತದೆ.

ಒಲೆ ಆರಿಸಿ ಕಂಪ್ಯೂಟರಿನ ಹತ್ತಿರ ಓಡಿದೆ. ಸರ್ವರಿನದೂ ಪುಟದ್ದೂ ಹಳೆಯ ರೂಪವನ್ನೇ ಮತ್ತೆ ಏರಿಸಲು ಕೊಟ್ಟು ನಾದಿನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ವಾರ್ಡಿನ ಫೋನಿಗೆ ಮಾಡಿದೆ. ಅವಳೇ ಎತ್ತಿ ನನ್ನ ದನಿ ಗುರುತಿಸಿದಳು.

"ಏನತ್ತಿಗೆ, ಹೊಗಳಿಕೆ ಸಾಲ್ಲಿಲ್ವಾ?"

"ಪರದೆ ನಂಬಬೇಡ ಕಣೇ. ಒಂದೊಂದು ಪಂಪಿನ ಹತ್ರಾನೂ ಹೋಗಿ ನೋಡು. ಈಗ್ಲೇ!"

ಅವಳು ಯಾಕೆ ಎಂದು ಕೇಳಲಿಲ್ಲ. ಚಪ್ಪಲಿ ಸದ್ದು ದೂರವಾಯಿತು. ರಿಸೀವರ್ ಮೇಜಿನ ಮೇಲೆಯೇ ಇತ್ತು. ಎಲ್ಲೋ ಒಂದು ಮಗು ಅಳುತ್ತಿರುವುದು ಕೇಳಿಸಿತು. ಯಾರೋ ಓಡಿದರು. ಅಳು ನಿಂತುಹೋಯಿತು. ಮಡಚಲು ಇಟ್ಟಿದ್ದ ಪುಟ್ಟಿಯ ಅಂಗಿ ಯಾವಾಗಲೋ ನನ್ನ ಕೈಗೆ ಬಂದು ಮುದ್ದೆಯಾಗಿತ್ತು.

"ಯಾರಮ್ಮ ಅತ್ತಿದ್ದು?" ಪುಟ್ಟಿ ಮಡಿಲಿಗೆ ಒರಗಿದಳು.

"ಶ್, ಅತ್ತೆ ಹತ್ರ ಇರೋ ಪಾಪು, ಕಂದ."

ಅಳು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ನಾದಿನಿ ಏದುಸಿರು ಬಿಡುತ್ತಾ ಬಂದಳು.

"ಕಿಟಕಿ ಪಕ್ಕದ ಕೂಸಿಂದು ನಿಂತಿತ್ತು ಅತ್ತಿಗೆ. ಪರದೇಲಿ ಓಡ್ತಾನೇ ಇದೆ! ಹೊಸ ಬಾಟಲಿ ಹಾಕಿದ್ವಿ. ಡಾಕ್ಟರು ನೋಡ್ತಿದ್ದಾರೆ, ಜಾಸ್ತಿ ಹೊತ್ತಾಗಿಲ್ಲ ಅಂತಾರೆ."

"ತಪ್ಪು ನಂದು ಕಣೇ. ಸೊನ್ನೇನ ನಾನೇ..."

"ಜಗಳ ಸಂಜೆ ಆಡೋಣ. ಈಗ ಏನು ಮಾಡ್ಲಿ ಹೇಳಿ."

"ಪುಟ ಮತ್ತೆ ತೆರಿ. ಹಳೇದು ಬರುತ್ತೆ."

ಕಾದೆವು.

"ಪರದೇಲಿ ಚಕ್ರ ಇನ್ನೂ ಸುತ್ತುತ್ತಾ ಇದೆ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ."

"ಸುತ್ತಲಿ. ಫೋನ್ ಇಡಬೇಡ."